ಮುಂದಿನ ಚಂಡಮಾರುತಕ್ಕೆ ಗುಂಜಿಯಿಂದ ಒಂದು ಬಿನ್ನಹ

ಅರಬ್ಬೀ ಸಮುದ್ರದ ಯಾವುದೋ ಬೆಚ್ಚನೆಯ ಮಡಿಲಲ್ಲಿ ಇನ್ನೂ ಗರ್ಭಸ್ಥರಾಗಿರುವ ಶ್ರೀಮಾನ್ ಚಂಡಮಾರುತ ಮಹಾಶಯರ ಸನ್ನಿಧಾನಕ್ಕೆ, ಬೆಳಗಾವಿ ಜಿಲ್ಲೆ ಖಾನಾಪುರ ತಾಲೂಕು ಗುಂಜಿ ಗ್ರಾಮದ ನಿವಾಸಿಯೊಬ್ಬನು ಮಾಡುವ ಸಾಷ್ಟಾಂಗ ವಿಜ್ಞಾಪನೆಗಳು. ಇತ್ತ ಎಲ್ಲರೂ ಕ್ಷೇಮ; ತಮ್ಮ ಕ್ಷೇಮಕ್ಕೆ ಆಗಾಗ ಬರೆಸುತ್ತಿರಬೇಕೆಂಬ ವಾಡಿಕೆಯ ಮಾತನ್ನು ಮಾತ್ರ ತಮ್ಮ ವಿಷಯದಲ್ಲಿ ಬರೆಯಲು ಕೈ ಏಳದು.

ತಮ್ಮ ಜನನವು ಇನ್ನೂ ಆಗಿಲ್ಲವಾದರೂ ಹೆಸರು ಸಿದ್ಧವಾಗಿದೆ. 13 ದೇಶಗಳು ತಲಾ 13ರಂತೆ ಕೊಟ್ಟ 169 ನಾಮಧೇಯಗಳ ಪಟ್ಟಿಯೊಂದು 2020ರ ಏಪ್ರಿಲ್‌ನಲ್ಲಿ ಪ್ರಕಟವಾಯಿತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ಕಂಡು ನಗುತ್ತಿದ್ದ ನಮ್ಮ ಹಿರಿಯರು ಈ ಪಟ್ಟಿಯನ್ನು ನೋಡಲು ಉಳಿಯಲಿಲ್ಲ. ಆದರೆ ಆ ಕುಲಾವಿಯು ತಮ್ಮ ತಲೆಗೇರಬೇಕಾದರೆ ತಮ್ಮ ಗಾಳಿಯು ಗಂಟೆಗೆ 62 ಕಿಲೋಮೀಟರಿನ ವೇಗವನ್ನು ಮುಟ್ಟಿರತಕ್ಕದ್ದು. ಅದಕ್ಕೆ ಕಡಿಮೆಯಾದಲ್ಲಿ ತಾವು ಎಷ್ಟೇ ಬೊಬ್ಬಿರಿದರೂ ಅನಾಮಧೇಯ ವಾಯುಭಾರ ಕುಸಿತವೇ ಸೈ. ಇಲ್ಲಿಗೆ ತಮಗೂ ನಮಗೂ ಒಂದು ಬಾಂಧವ್ಯವು ಏರ್ಪಟ್ಟಿತು. ನಮ್ಮ ಮನೆಗಳಿಗೂ ಇಂಥದೇ ಒಂದು ಗೆರೆಯನ್ನು ಸರ್ಕಾರವು ಎಳೆದಿದೆ: ನೂರಕ್ಕೆ 15 ಪಾಲಾದರೂ ಹಾಳಾಗದ ಮನೆಯು ಹಾಳಾಯಿತೆಂದು ಹೇಳಿಕೊಳ್ಳಲು ಅರ್ಹವಲ್ಲ. ಗೆರೆಯ ಈಚೆ ನಿಂತವರ ಸಂಕಟವನ್ನು ತಾವಾದರೂ ಬಲ್ಲಿರೆಂಬ ಭರವಸೆಯಿಂದಲೇ ಈ ಪತ್ರವನ್ನು, ಬರೆಯಬೇಕಾದ ಕಚೇರಿಗಳಿಗೆ ಬರೆಯದೆ, ತಮಗೆ ಬರೆಯುತ್ತಿದ್ದೇನೆ.

ಸಮುದ್ರವೇ ಇಲ್ಲದ ಊರಿನವನಿಗೆ ಚಂಡಮಾರುತದ ಗೊಡವೆ ಏಕೆಂದು ತಾವು ಕೇಳಲಾರಿರಿ. ಹಾಗೆ ಕೇಳುವವರು ಬೇರೆ ಇದ್ದಾರೆ. ಖಾನಾಪುರ ಮತ್ತು ಲೋಂಡಾಗಳ ನಡುವೆ, ರೈಲು ನಿಂತರೂ ನಿಲ್ಲದಿದ್ದರೂ ತನ್ನ ಪಾಡಿಗೆ ತಾನಿರುವ ನಮ್ಮ ಗುಂಜಿಯು, ಸಹ್ಯಾದ್ರಿಯ ಬೆನ್ನಿಗೆ ಒರಗಿ ಕುಳಿತಿರುವ ಊರು. ಆ ಬೆನ್ನಿನಾಚೆ ಗೋವೆಯೂ ಕಾರವಾರವೂ ತಮ್ಮ ಕ್ರೀಡಾಂಗಣವೂ ಇವೆ. ಕಡಲಿನಿಂದ ಎದ್ದ ಮೋಡವು ಘಟ್ಟವನ್ನು ಹತ್ತಿ ಸುಸ್ತಾಗಿ ಭಾರ ಇಳಿಸುವುದು ನಮ್ಮ ಮೇಲೆಯೇ. ಬೆಳಗಾವಿ ಜಿಲ್ಲೆ ಎಂದೊಡನೆ ರಾಜಧಾನಿಯಲ್ಲಿ ಕುಳಿತವರಿಗೆ ಕಬ್ಬು, ಜೋಳ ಮತ್ತು ಗಡಿತಂಟೆಗಳು ನೆನಪಾಗುವುವೇ ಹೊರತು, ಅದರ ನೈಋತ್ಯ ಮೂಲೆಯಲ್ಲಿ ಮಲಪ್ರಭೆಯೂ ಮಹದಾಯಿಯೂ ಹುಟ್ಟುವಂಥ ಕಾಡೊಂದಿದೆ ಎಂಬುದು ನೀರಿನ ವ್ಯಾಜ್ಯವು ನ್ಯಾಯಮಂಡಳಿಯ ಮುಂದೆ ಬಂದಾಗಲಷ್ಟೇ ಹೊಳೆಯುತ್ತದೆ. 2021ರ ಮೇ ತಿಂಗಳಲ್ಲಿ ತಮ್ಮ ಪೂರ್ವಸೂರಿಗಳಾದ ತೌಕ್ತೆಯವರು ದಯಮಾಡಿಸಿದಾಗ ಬಾಧಿತವೆಂದು ಮೊದಲು ಎಣಿಸಲಾದದ್ದು ಕರಾವಳಿಯ ಮೂರು ಮತ್ತು ಮಲೆನಾಡಿನ ಮೂರು ಜಿಲ್ಲೆಗಳು. ನಾವು ಕರಾವಳಿಯೂ ಅಲ್ಲ, ಆ ಎಣಿಕೆಯ ಮಲೆನಾಡೂ ಅಲ್ಲ. ತ್ರಿಶಂಕುವಿಗೆ ಸ್ವರ್ಗವನ್ನಾದರೂ ಕಟ್ಟಿಕೊಟ್ಟರು.

ತೌಕ್ತೆಯವರ ಮೇಲೆ ನಮಗೆ ದ್ವೇಷವಿಲ್ಲ. ಉಡುಪಿ ಜಿಲ್ಲೆಯ ನಾಡ ಎಂಬಲ್ಲಿ ಒಂದೇ ದಿನಕ್ಕೆ 385 ಮಿಲಿಮೀಟರ್ ಮಳೆಯನ್ನು ಸುರಿಸಿ, ಉಳ್ಳಾಲದಿಂದ ಕಾರವಾರದವರೆಗಿನ ದಂಡೆಯನ್ನು ಕೊರೆದು, ಬಲೆಗಳನ್ನೂ ಹಂಚುಗಳನ್ನೂ ಪರಸ್ಪರ ಸ್ಥಳಾಂತರಿಸಿದ ಅವರ ಶ್ರದ್ಧೆಯು ಸ್ತುತ್ಯವೇ. ಆದರೆ ಅವರಿಗೆ ವ್ಯವಹಾರಜ್ಞಾನ ಸಾಲದು. ಅವರು ಇಲ್ಲಿ ಹಾದುಹೋದರೇ ಹೊರತು ಇಳಿಯಲಿಲ್ಲ. ಮೇ 17ರ ರಾತ್ರಿ ನೆಲ ಮುಟ್ಟಿದ್ದು ದೀವ್ ಸಮೀಪದ ಸೌರಾಷ್ಟ್ರ ತೀರದಲ್ಲಿ. ಮೇ 19ರಂದು ಪ್ರಧಾನಮಂತ್ರಿಗಳ ವೈಮಾನಿಕ ಸಮೀಕ್ಷೆಯೂ ಅಲ್ಲಿಯೇ, ಒಡನೆ ಘೋಷಣೆಯಾದ 1000 ಕೋಟಿ ರೂಪಾಯಿಯೂ ಅಲ್ಲಿಗೇ. ಅಲ್ಲಿಯವರ ನಷ್ಟ ದೊಡ್ಡದು, ಅವರಿಗೆ ಸಂದದ್ದರಲ್ಲಿ ನಮಗೆ ಅಸೂಯೆಯಿಲ್ಲ. ಆದರೂ ಬೇರೊಬ್ಬರ ಮನೆಗೆ ಹೊರಟ ಮದುವೆಯ ದಿಬ್ಬಣವು ದಾರಿಯಲ್ಲಿ ನಮ್ಮ ಬೇಲಿಯನ್ನು ಮುರಿದುಕೊಂಡು ಹೋದಂತಾಯಿತು. ಅಂಥ ಬೇಲಿಯ ಲೆಕ್ಕವನ್ನು ಬೀಗರಾರೂ ಕೇಳುವುದಿಲ್ಲ. ಆದಕಾರಣ ತಾವು ಬರುವುದೇ ನಿಶ್ಚಯವಾದಲ್ಲಿ ನೇರವಾಗಿ, ಪಥ ಬದಲಿಸದೆ, ನೆಲ ಮುಟ್ಟುವ ಸ್ಥಳವನ್ನು ಸ್ಪಷ್ಟಪಡಿಸಿ ಬರಬೇಕು. ವಿಮಾನದಿಂದ ನೋಡುವವರಿಗೆ ಹಾರಿಹೋದ ಹಂಚಿನ ಜಾಗದ ಕಂಡಿಯು ಕಾಣಿಸದೆಂಬುದನ್ನೂ ಗಮನದಲ್ಲಿಡಬೇಕು.

ಇನ್ನು ಮನೆಗಳ ಮಾತು. ನಮ್ಮ ತಾಲೂಕು ಹಂಚು ಮತ್ತು ಮಣ್ಣಿನ ಪಾತ್ರೆಗಳಿಗೆ ಹೆಸರಾದದ್ದು. ಕುಂಬಾರಿಕೆಯನ್ನು ಕಲಿಸಲು ಖಾನಾಪುರದಲ್ಲಿ ಕೇಂದ್ರದ ಸಂಸ್ಥೆಯೇ ಉಂಟು. ಆದರೂ ಕಾಡಂಚಿನ ಹಳ್ಳಿಗಳಲ್ಲಿ ಗೋಡೆಯೆಂದರೆ ಇಂದಿಗೂ ಮಣ್ಣಿನದೇ. 2019ರ ಪ್ರವಾಹದ ತರುವಾಯ ನಮ್ಮ ರಾಜ್ಯ ಸರ್ಕಾರವು ಬಿದ್ದ ಮನೆಗಳನ್ನು ಎ, ಬಿ, ಸಿ ಎಂದು ಮೂರು ವರ್ಣಗಳಾಗಿ ವಿಂಗಡಿಸಿತು: ನೂರಕ್ಕೆ 75ಕ್ಕಿಂತ ಹೆಚ್ಚು ಬಿದ್ದದ್ದು ಎ, 25ರಿಂದ 75ರವರೆಗಿನದು ಬಿ, 15ರಿಂದ 25ರವರೆಗಿನದು ಸಿ. ಎ ವರ್ಣಕ್ಕೆ 5 ಲಕ್ಷ, ಸಿ ವರ್ಣಕ್ಕೆ 50 ಸಾವಿರ. ಕೇಂದ್ರದ ದರಪಟ್ಟಿಯು ಭಾಗಶಃ ಕುಸಿದ ಕಚ್ಚಾ ಮನೆಗೆ ಆಗ ಗೊತ್ತುಮಾಡಿದ್ದ 3200 ರೂಪಾಯಿಯ ಮುಂದೆ ಇದು ಔದಾರ್ಯವೇ ಸರಿ, ಅಲ್ಲವೆಂದರೆ ನಾಲಗೆಯಲ್ಲಿ ಹುಳು ಬಿದ್ದೀತು. ತೊಡಕಿರುವುದು ಅಳತೆಯಲ್ಲಿ. ಒಂದು ಹಳ್ಳಿಯ ಪಂಚನಾಮೆಗೆ ನಾನೂ ಸಾಕ್ಷಿಯಾಗಿ ನಿಂತಿದ್ದೆ. ಹುದ್ದೆಯ ಹೆಸರು ಈಗ ಗ್ರಾಮ ಆಡಳಿತ ಅಧಿಕಾರಿಯೆಂದು ಬದಲಾಗಿದ್ದರೂ ನಮ್ಮ ಬಾಯಲ್ಲಿ ತಲಾಟಿಯಾಗಿಯೇ ಉಳಿದಿರುವ ಆ ಸಜ್ಜನರು, ಒಂದು ಕೈಯಲ್ಲಿ ಕೊಡೆಯನ್ನೂ ಇನ್ನೊಂದರಲ್ಲಿ ಮೊಬೈಲನ್ನೂ ಹಿಡಿದು, ಬಿದ್ದ ಗೋಡೆಯ ಮುಂದೆ ಮನೆಯಾಕೆಯನ್ನು ನಿಲ್ಲಿಸಿ, ಅಕ್ಷಾಂಶ ರೇಖಾಂಶಗಳು ಮೂಡುವವರೆಗೆ ಅಲುಗಾಡದಿರಬೇಕೆಂದು ವಿನಂತಿಸುತ್ತಿದ್ದರು. ಟವರಿಗೆ ಕರೆಂಟು ಹೋಗಿ ನೆಟ್‌ವರ್ಕ್ ಇಲ್ಲದ್ದರಿಂದ ಫೋಟೋವು ಮೇಲೇರಲೊಲ್ಲದು. ನಾಲ್ಕರಲ್ಲಿ ಒಂದು ಗೋಡೆ ಬಿದ್ದರೆ ನೂರಕ್ಕೆ 25 ಆಯಿತಲ್ಲವೇ ಎಂದು ನೆರೆಯವನೊಬ್ಬನು ಗಣಿತವನ್ನೊಡ್ಡಿದನು. ಮಾಡು ನಿಂತಿರುವುದರಿಂದ ಅಷ್ಟಾಗದು ಎಂದರು ಇವರು. ಇಷ್ಟು ಹೊತ್ತು ಮಾತಾಡದಿದ್ದ ಮುದುಕಿಯು ಸೆರಗಿನಿಂದ ಮುಖದ ಮಳೆಯನ್ನು ಒರೆಸಿಕೊಂಡು, "ಸಾಹೇಬ್ರ, ಬಾಕಿ ಮೂರು ಗ್ವಾಡಿ ನಾವಽ ಕೆಡವಲೇನ್ರಿ?" ಎಂದು ಕೇಳಿದಳು. ತಲಾಟಿಯವರು ನಗಲಿಲ್ಲ, ಅವರೂ ಯಾವುದೋ ಮಣ್ಣಿನ ಮನೆಯಲ್ಲಿಯೇ ಬೆಳೆದವರಿರಬೇಕು. ಫಾರ್ಮಿನಲ್ಲಿ ಮಾತ್ರ ಆ ಪ್ರಶ್ನೆಗೆ ಕಾಲಮ್ಮು ಇರಲಿಲ್ಲ.

ಈ ಮುಜುಗರವನ್ನು ತಪ್ಪಿಸುವುದು ತಮ್ಮ ಕೈಯಲ್ಲಿದೆ. ಬೀಸುವ ಮುನ್ನ ಮನೆಯನ್ನು ಒಮ್ಮೆ ಪ್ರದಕ್ಷಿಣೆ ಬಂದು, ಕೆಡವುವುದಾದರೆ 76ರಷ್ಟನ್ನು ಕೆಡವಬೇಕು, ಇಲ್ಲವೇ ಸುಮ್ಮನೆ ಹೋಗಬೇಕು. 14ಕ್ಕೆ ನಿಲ್ಲಿಸುವಂಥ ಅರೆಮನಸ್ಸಿನ ಕೆಲಸ ತಮ್ಮ ಘನತೆಗೆ ತಕ್ಕುದಲ್ಲ. ಹಾಗೆಯೇ, ಕೆಡವುವುದನ್ನು ತಮ್ಮ ಅವಧಿಯಲ್ಲಿಯೇ ಮುಗಿಸಬೇಕು. ತೌಕ್ತೆಯವರು ಮೇ ತಿಂಗಳಲ್ಲಿ ಸೂರಿನಂಚಿನ ನಾಲ್ಕು ಹಂಚುಗಳನ್ನು ಸರಿಸಿಟ್ಟು ಹೊರಟುಹೋದರು. ಲಾಕ್‌ಡೌನಿನ ದಿನಗಳು, ಹೊಸ ಹಂಚು ತರಲು ಅಂಗಡಿ ತೆರೆದಿಲ್ಲ, ಹೊದಿಸಲು ಆಳು ಬರುವಂತಿಲ್ಲ. ಆ ಕಂಡಿಯಿಂದ ಇಳಿದ ನೀರು ಮುಂಗಾರಿನ ಉದ್ದಕ್ಕೂ ಗೋಡೆಯ ಹೊಟ್ಟೆಯೊಳಗೆ ಸದ್ದಿಲ್ಲದೆ ಇಂಗಿ, ಜುಲೈ 23ರ ಆಸುಪಾಸಿನ ಮಹಾಮಳೆಯಲ್ಲಿ ಗೋಡೆಯು ಬುಡಸಮೇತ ಕೂತುಬಿಟ್ಟರೆ, ಕೆಡವಿದವರು ಯಾರೆಂದು ಬರೆಯುವುದು? ಚಂಡಮಾರುತವೆಂದರೆ ಎರಡು ತಿಂಗಳು ತಡ. ಪ್ರವಾಹವೆಂದರೆ ಮನೆಗೆ ನೀರು ನುಗ್ಗಿಲ್ಲ. ಇಂಥ ಸಂದರ್ಭಗಳಲ್ಲಿ "ಹಳೆಯ ಮನೆ" ಎಂಬ ಷರಾ ಬರೆದು ಮುಗಿಸುವುದುಂಟು.

ಘಟ್ಟದ ಕೆಳಗಿನ ನಮ್ಮ ಬಂಧುಗಳ ಪಾಡು ಇನ್ನೂ ಸೂಕ್ಷ್ಮವಾದದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳು ಕಡಲಿಗಿಳಿಯುವಂತಿಲ್ಲ. ಆ 61 ದಿನಗಳ ಉಪವಾಸಕ್ಕೆ ಅಕ್ಕಿ ಬೇಳೆ ಕೂಡಿಸುವ ಕಾಲವೆಂದರೆ ಮೇ ತಿಂಗಳು. ಅದೇ ಮೇ ನಡುವಿನಲ್ಲಿ ತೌಕ್ತೆಯವರು ಬಂದರು. ಆಗ ಜಾರಿಯಲ್ಲಿದ್ದ ದರಪಟ್ಟಿಯ ಪ್ರಕಾರ ಪೂರ್ಣ ನಾಶವಾದ ದೋಣಿಗೆ 9600 ರೂಪಾಯಿ, ಪೂರ್ಣ ನಾಶವಾದ ಬಲೆಗೆ 2600. ಅರೆಹಾಳಾದ ದೋಣಿಗೆ 4100, ಬಲೆಗೆ 2100. 2022ರಲ್ಲಿ ಪರಿಷ್ಕರಣೆಯಾಗಿ ದೋಣಿಯು 15 ಸಾವಿರಕ್ಕೂ ಬಲೆಯು 4 ಸಾವಿರಕ್ಕೂ ಏರಿದವು. ನಾಡದೋಣಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ನೊಂದರ ಬೆಲೆಯೇ ಲಕ್ಷವನ್ನು ದಾಟಿರುವಾಗ, ಈ ಹಣದಲ್ಲಿ ಕೊಳ್ಳಬಹುದಾದ ದೋಣಿ ಯಾವುದೆಂದು ನಾನು ಬಹಳ ಯೋಚಿಸಿ, ಮಕ್ಕಳು ಮಳೆನೀರಿನಲ್ಲಿ ಬಿಡುವಂಥದೇ ಇರಬೇಕೆಂಬ ತೀರ್ಮಾನಕ್ಕೆ ಬಂದಿದ್ದೇನೆ. ಸಂತೆಗೆ ಒಣಮೀನು ತರುವ ಕಾರವಾರದ ಕಡೆಯ ಬಾಯಿಯೊಬ್ಬಳಿದ್ದಾಳೆ. ಹರಿದ ಬಲೆಯನ್ನು ಗಂಡನೂ ಮಗನೂ ಅಂಗಳದಲ್ಲಿ ಹರಡಿಕೊಂಡು ಕಣ್ಣು ಕಣ್ಣಿಗೂ ಗಂಟು ಹಾಕುತ್ತಿದ್ದಾಗ, ಕೈಬಳೆ ಅಡವಿಟ್ಟು ನೂಲು ತಂದವಳು ತಾನೆಂದೂ, ಸಂಘದ ವಾರದ ಕಂತು ಮಾತ್ರ ಯಾವ ಗಾಳಿಗೂ ಹಾರಿಹೋಗಲಿಲ್ಲವೆಂದೂ ಆಕೆ ಹೇಳಿದ್ದಳು. ಆಕೆಯ ಪಾಲಿಗೆ ಪರಿಹಾರನಿಧಿಯೆಂದರೆ ಆ ಬಳೆಯೇ.

ತೋಟಗಳಿಗೆ ಬಂದರೆ, ನೂರಕ್ಕೆ 33 ಪಾಲು ಹಾಳಾಗದ ಬೆಳೆಯು ಬೆಳೆಹಾನಿಯಲ್ಲ. ಬಹುವಾರ್ಷಿಕ ಬೆಳೆಗೆ ಹೆಕ್ಟೇರಿಗೆ 18 ಸಾವಿರವಿದ್ದದ್ದು 22,500 ಆಯಿತು. ಎರಡು ಹೆಕ್ಟೇರಿನಾಚೆಯ ಮರಗಳು ತಮ್ಮ ಸ್ವಂತ ಜವಾಬ್ದಾರಿಯಲ್ಲಿ ಬೀಳತಕ್ಕವು. ಹೆಕ್ಟೇರಿಗೆ 175ರ ಆಸುಪಾಸು ತೆಂಗು ಹಿಡಿಯುವುದೆಂದರೆ ಮರವೊಂದಕ್ಕೆ ಸಲ್ಲುವುದು ನೂರು ಚಿಲ್ಲರೆ ರೂಪಾಯಿ. ಸಸಿ ನೆಟ್ಟು ಫಲಕ್ಕೆ ಆರೇಳು ವರ್ಷ ಕಾದವನಿಗೆ ಎಳನೀರು ಕುಡಿದು ಸಮಾಧಾನ ಮಾಡಿಕೊಳ್ಳಲು ಅದು ಧಾರಾಳವಾಗಿ ಸಾಕು. ಕೋಳಿಯ ಪ್ರಾಣಕ್ಕೆ ತೌಕ್ತೆಯ ಕಾಲದಲ್ಲಿ 50 ರೂಪಾಯಿ ಇತ್ತು. ಕೋಳಿಗಳ ಅಭಿಪ್ರಾಯವನ್ನು ಕೇಳಿದವರಿಲ್ಲ.

ದಂಡೆಗೆ ಕಲ್ಲು ಸುರಿಯುವ ವಾರ್ಷಿಕ ಮಹೋತ್ಸವವನ್ನು ತಾವು ಕಡಲ ಕಡೆಯಿಂದಲೇ ನೋಡಿರುತ್ತೀರಾದುದರಿಂದ ಹೆಚ್ಚು ಬರೆಯಲಾರೆ. ಉಳ್ಳಾಲ, ಕಾಪು, ಮರವಂತೆಗಳಲ್ಲಿ ಲಾರಿಗಟ್ಟಲೆ ಬಂಡೆಗಳು ಬಂದು ಬೀಳುವುವು, ಮುಂದಿನ ಮಳೆಗಾಲದೊಳಗೆ ಅವು ಕಡಲಿನ ಸ್ವತ್ತಾಗುವುವು, ಮತ್ತೆ ಟೆಂಡರು ಕರೆಯಲ್ಪಡುವುದು. ನುಂಗುವವರೆಲ್ಲರ ಪೈಕಿ ಸಮುದ್ರವೊಂದೇ ಬಹಿರಂಗವಾಗಿ ನುಂಗುತ್ತಿದೆಯೆಂಬ ಗೌರವ ನಮಗಿದೆ.

ನಮ್ಮ ಸರ್ಕಾರಗಳಿಗೆ ಏನೂ ಬಾರದೆಂದು ತಾವು ಭಾವಿಸಕೂಡದು. 1999ರಲ್ಲಿ ಒಡಿಶಾಕ್ಕೆ ಬಂದ ತಮ್ಮ ಹಿರಿಯರೊಬ್ಬರು ಹತ್ತು ಸಾವಿರದಷ್ಟು ಜನರನ್ನು ಕೊಂದುಹೋದರು. ಇಂದು ತಮ್ಮ ಹೆಜ್ಜೆ ಹೆಜ್ಜೆಯನ್ನೂ ಉಪಗ್ರಹಗಳು ಅಳೆಯುತ್ತವೆ, ದಿನಗಳ ಮುಂಚೆಯೇ ಎಚ್ಚರಿಕೆ ಹೊರಡುತ್ತದೆ, ಲಕ್ಷಗಟ್ಟಲೆ ಜನರನ್ನು ತೀರದಿಂದ ಎಬ್ಬಿಸಿ ಕರೆದೊಯ್ಯಲಾಗುತ್ತದೆ. ತೌಕ್ತೆಯವರ ಕಾಲದ ಮೇ 17ರಂದು ಉಡುಪಿಯ ಕಡಲಲ್ಲಿ ಬಂಡೆಗೆ ಸಿಕ್ಕ ಕೋರಮಂಡಲ್ ಸಪೋರ್ಟರ್ ಎಂಬ ಟಗ್ಗಿನಿಂದ ಒಂಬತ್ತು ಜನರನ್ನು, ಅಲೆಗಳು ಹೆಡೆಯೆತ್ತಿ ನಿಂತಿದ್ದಾಗ, ನೌಕಾಪಡೆ ಮತ್ತು ಕರಾವಳಿ ರಕ್ಷಣಾ ಪಡೆಯವರು ಜೀವಂತವಾಗಿ ತಂದರು. ಅದೇ ದಿನ ಮುಂಬಯಿಯಾಚೆ 261 ಜನರಿದ್ದ ಪಿ-305 ಎಂಬ ಬಾರ್ಜು ಮುಳುಗಿ ಎಪ್ಪತ್ತರಷ್ಟು ಜನ ಸತ್ತದ್ದು ಎಚ್ಚರಿಕೆ ಬಾರದ್ದರಿಂದಲ್ಲ. ಬಂದ ಎಚ್ಚರಿಕೆಯನ್ನು ಬೇಕಾದಷ್ಟು ಮನ್ನಿಸದ್ದರಿಂದ. ತಾವು ಬರುವ ಮುನ್ನ ತಮ್ಮನ್ನು ಅರಿಯುವ ವಿದ್ಯೆಯು ಇಷ್ಟು ಬೆಳೆದಿರುವಲ್ಲಿ, ತಾವು ಹೋದ ಮೇಲೆ ನಮ್ಮನ್ನು ಅರಿಯುವ ವಿದ್ಯೆಯು ಮಾತ್ರ ಇಂದಿಗೂ ಉತಾರ, ಪಂಚನಾಮೆ ಮತ್ತು ಜೆರಾಕ್ಸುಗಳಲ್ಲಿಯೇ ನಿಂತಿದೆ. ತಮ್ಮ ಕೇಂದ್ರಬಿಂದುವನ್ನು ನಡುಗಡಲಿನಲ್ಲಿ ಪತ್ತೆಹಚ್ಚುವ ದೇಶಕ್ಕೆ ಆ ಮುದುಕಿಯ ನಾಲ್ಕನೆಯ ಗೋಡೆ ಪತ್ತೆಯಾಗುವುದಿಲ್ಲ.

ತಮ್ಮ ಕುಲವು ಅರಬ್ಬೀ ಸಮುದ್ರದಲ್ಲಿ ಅಭಿವೃದ್ಧಿ ಹೊಂದುತ್ತಿದೆಯೆಂದು ತಿಳಿದವರು ಹೇಳುತ್ತಾರೆ. ಹಿಂದೆ ಬಂಗಾಳ ಕೊಲ್ಲಿಯಲ್ಲಿ ನಾಲ್ವರು ಹುಟ್ಟಿದರೆ ಇಲ್ಲಿ ಒಬ್ಬರು ಎಂಬ ಪ್ರಮಾಣವಿತ್ತು. ನೀರು ಬೆಚ್ಚಗಾಗುತ್ತ ಬಂದಂತೆ ಆ ಲೆಕ್ಕ ತಪ್ಪಿ, 2019ರಲ್ಲಿ ಕ್ಯಾರ್ ಮತ್ತು ಮಹಾ ಎಂಬಿಬ್ಬರು ಒಟ್ಟೊಟ್ಟಿಗೆ ಇದೇ ಕಡಲಲ್ಲಿ ಗಿರಕಿ ಹೊಡೆದರು. ಆದ್ದರಿಂದ ನಮ್ಮಿಬ್ಬರ ಪತ್ರವ್ಯವಹಾರ ದೀರ್ಘಕಾಲ ನಡೆಯುವ ಲಕ್ಷಣಗಳಿವೆ. ನಿಯಮಗಳು ನಮ್ಮ ಮಾತು ಕೇಳಿ ಬದಲಾಗುವವಲ್ಲವಾದ್ದರಿಂದ ತಾವೇ ಕೊಂಚ ನಿಯಮಬದ್ಧರಾಗಿ ನಡೆದುಕೊಳ್ಳಬೇಕೆಂಬುದಿಷ್ಟೇ ನಮ್ಮ ಕೋರಿಕೆ. ಶನಿವಾರ ಭಾನುವಾರಗಳನ್ನೂ ಚುನಾವಣೆಯ ನೀತಿಸಂಹಿತೆಯ ಕಾಲವನ್ನೂ ಬಿಟ್ಟು ಬನ್ನಿ. ಗೋಡೆ ಕೆಡವುವ ಮುನ್ನ ಉತಾರದಲ್ಲಿರುವ ಹೆಸರು ಬದುಕಿರುವವರದೋ ಅಜ್ಜನದೋ ನೋಡಿಕೊಳ್ಳಿ. ಆಧಾರ್ ಕಾರ್ಡನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಒದ್ದೆಮಾಡದೆ ಉಳಿದದ್ದನ್ನು ಧಾರಾಳವಾಗಿ ಕೊಂಡೊಯ್ಯಿರಿ.

ಇಂತು ಬೇಡುವ,
ಗುಂಜಿಯ ಒಬ್ಬ ಉತಾರದಾರ

ತಾ.ಕ.: ಬರುವ ದಿನವನ್ನು ದಯಮಾಡಿ ಎರಡು ದಿನ ಮೊದಲೇ ತಿಳಿಸುವುದು. ಎಲ್ಲ ಕಾಗದಗಳದೂ ಮೂರು ಮೂರು ಪ್ರತಿ ಬೇಕಾಗುತ್ತದೆ. ಕರೆಂಟು ಹೋದ ಮೇಲೆ ನಮ್ಮೂರ ಜೆರಾಕ್ಸ್ ಅಂಗಡಿಯವನು ಬಾಗಿಲು ಹಾಕಿಕೊಂಡು ಮನೆಗೆ ಹೋಗಿಬಿಡುತ್ತಾನೆ.