ಇಮ್ಮಡಿ ಪರ್ಪಲ್: ಕವಿ, ಕಾಲ ಮತ್ತು ಪಾಠನಿರ್ಣಯ

ಒಡೆದುಹೋದ ರಾಕ್ ತಂಡವೊಂದು ಎಷ್ಟೋ ವರ್ಷ ಬಿಟ್ಟು ಮತ್ತೆ ಕೂಡಿದರೆ, ಕೂಡಿದ್ದು ಆ ತಂಡವೇ ಹೌದೋ ಅಲ್ಲವೋ? ಈ ಪ್ರಶ್ನೆಗೆ ವಿದ್ವತ್‌ಲೋಕ ಕೊಡಬೇಕಾದ ಮನ್ನಣೆಯನ್ನು ಇದುವರೆಗೂ ಕೊಟ್ಟಿಲ್ಲ. ಅಭಿಮಾನಿಗಳು ನಾಲ್ಕು ದಶಕಗಳಿಂದ ಇದನ್ನು ಚರ್ಚಿಸುತ್ತ ಬಂದಿದ್ದಾರೆಂಬುದು ನಿಜ. ಆದರೆ ಅವರಲ್ಲಿ ಶಾಸ್ತ್ರದ ಶಿಸ್ತು ಕಡಿಮೆ, ಗಂಟಲು ಜಾಸ್ತಿ. ಪೂರ್ವಪಕ್ಷವನ್ನು ಕೇಳಿ ಮುಗಿಸುವ ಮೊದಲೇ ಸಿದ್ಧಾಂತಕ್ಕೆ ಹಾರುತ್ತಾರೆ. ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡವನ್ನು ಆಕರವಾಗಿಟ್ಟುಕೊಂಡು, ಹಳಗನ್ನಡ ಕಾವ್ಯಗಳ ಮೇಲೆ ನಮ್ಮ ಹಿರಿಯರು ಪ್ರಯೋಗಿಸಿ ಗೆದ್ದ ಗ್ರಂಥಸಂಪಾದನೆಯ ಸಲಕರಣೆಗಳಿಂದಲೇ ಈ ಕೊರತೆಯನ್ನು ತುಂಬಲು ಹೊರಟಿದ್ದೇನೆ. ಪ್ರಯತ್ನ ವಿನಮ್ರವಾದದ್ದು, ನಿರ್ಣಯ ಮಾತ್ರ ಅಂತಿಮ.

ವಂಶಾವಳಿ

ತಂಡ ಹುಟ್ಟಿದ್ದು ೧೯೬೮ರಲ್ಲಿ, ಹರ್ಟ್‌ಫರ್ಡ್‌ನಲ್ಲಿ. ಅದರ ಆಳ್ವಿಕೆಗಳನ್ನು ಅಭಿಮಾನಿಗಳು ಮಾರ್ಕ್ ಒನ್, ಮಾರ್ಕ್ ಟೂ ಎಂದು ಎಣಿಸುತ್ತಾರೆ. ಬಾದಾಮಿಯ ಶಾಸನಗಳನ್ನು ಓದಿದವರಿಗೆ ಈ ಕ್ರಮ ಹೊಸದಲ್ಲ. ೧೯೬೯ರಲ್ಲಿ ಗಾಯಕ ಇಯಾನ್ ಗಿಲನ್ ಮತ್ತು ಬೇಸ್ ಗಿಟಾರಿನ ರೋಜರ್ ಗ್ಲೋವರ್ ಬಂದು, ಮೊದಲೇ ಇದ್ದ ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್ನಿನ ಜಾನ್ ಲಾರ್ಡ್, ಡ್ರಮ್ಸಿನ ಇಯಾನ್ ಪೇಸ್ ಅವರನ್ನು ಕೂಡಿಕೊಂಡಲ್ಲಿಗೆ ಇಮ್ಮಡಿಯ ಪಟ್ಟಾಭಿಷೇಕವಾಯಿತು. ‘ಇನ್ ರಾಕ್’, ‘ಮಷೀನ್ ಹೆಡ್’ ಈ ಕಾಲದ ಕೃತಿಗಳು. ೧೯೭೩ರಲ್ಲಿ ಗಿಲನ್, ಗ್ಲೋವರ್ ಹೊರನಡೆದರು. ಡೇವಿಡ್ ಕವರ್‌ಡೇಲ್, ಗ್ಲೆನ್ ಹ್ಯೂಸ್ ಬಂದದ್ದು ಮುಮ್ಮಡಿ. ಬ್ಲ್ಯಾಕ್‌ಮೋರ್ ಬಿಟ್ಟು ಟಾಮಿ ಬೋಲಿನ್ ಬಂದದ್ದು ನಾಲ್ವಡಿ. ೧೯೭೬ರಲ್ಲಿ ವಂಶ ನಿಂತಿತು.

ಇಲ್ಲಿಯವರೆಗೆ ಎಲ್ಲ ಸಸೂತ್ರ. ೧೯೮೪ರಲ್ಲಿ ಇಮ್ಮಡಿಯ ಐವರೂ ಮತ್ತೆ ಕೂಡಿ ‘ಪರ್ಫೆಕ್ಟ್ ಸ್ಟ್ರೇಂಜರ್ಸ್’ ಎಂಬ ಆಲ್ಬಮ್ ತಂದಾಗ ತೊಡಕು ಶುರುವಾಯಿತು. ನಾಲ್ವಡಿಯ ತರುವಾಯ ಇಮ್ಮಡಿಯೇ ಮರಳಿ ಸಿಂಹಾಸನ ಏರುವುದು ನಮ್ಮ ಯಾವ ರಾಜಮನೆತನದಲ್ಲೂ ಕಾಣದ ಸಂಗತಿ. ಅಷ್ಟು ಸಾಲದೆಂಬಂತೆ ೧೯೮೯ರಲ್ಲಿ ಗಿಲನ್‌ರನ್ನು ಕಳಿಸಿ ಜೋ ಲಿನ್ ಟರ್ನರ್ ಅವರನ್ನು ಕರೆತಂದರು. ಟರ್ನರ್ ಅವರು ಬ್ಲ್ಯಾಕ್‌ಮೋರ್ ಕಟ್ಟಿದ ರೈನ್‌ಬೋ ತಂಡದಲ್ಲಿ ಹಾಡಿದ್ದವರಾದ್ದರಿಂದ ಅಭಿಮಾನಿಗಳು ಈ ಕಾಲವನ್ನು ‘ಡೀಪ್ ರೈನ್‌ಬೋ’ ಎಂದು ಕರೆದು ಕೈತೊಳೆದುಕೊಂಡರು. ೧೯೯೨ರಲ್ಲಿ ಗಿಲನ್ ವಾಪಸು. ಹೀಗೆ ಒಂದೇ ಇಮ್ಮಡಿ ಮೂರು ಸಲ ಆಳಿತು. ಪಂಡಿತರು ಇವನ್ನು ಟೂ-ಎ, ಟೂ-ಬಿ, ಟೂ-ಸಿ ಎಂದು ವಿಂಗಡಿಸಿದ್ದಾರೆ. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾದವರಿಗೆ ಇದರ ತರ್ಕ ತಾನಾಗಿಯೇ ಹೊಳೆಯುತ್ತದೆ.

ಕರ್ತೃತ್ವ

ಕವಿರಾಜಮಾರ್ಗ ನೃಪತುಂಗನದೋ ಶ್ರೀವಿಜಯನದೋ ಎಂದು ತಲೆಮಾರುಗಳ ಕಾಲ ಕಾದಾಡಿದ ಜನ ನಾವು. ಆ ಅನುಭವದ ಬಲದಿಂದ ಹೇಳುವುದಾದರೆ, ಇಲ್ಲಿ ಅಂತಃಪ್ರಮಾಣ ಸ್ಪಷ್ಟವಾಗಿದೆ. ಮೊದಲ ಸರದಿಯ ಇಮ್ಮಡಿಯ ಸ್ವಂತ ಹಾಡುಗಳಿಗೆ ಐವರ ಹೆಸರೂ ಒಟ್ಟಿಗೆ ಇರುತ್ತಿತ್ತು. ಕೂಡಿದ ಮೇಲಿನ ಆಲ್ಬಮ್ಮಿನಲ್ಲಿ ಹೆಚ್ಚಿನ ಹಾಡುಗಳಿಗೆ ಬ್ಲ್ಯಾಕ್‌ಮೋರ್, ಗಿಲನ್, ಗ್ಲೋವರ್ ಎಂಬ ಮೂರೇ ಹೆಸರು. ಐವರ ಅಂಕಿತ ತಪ್ಪಿದ ದಿನವೇ ತಂಡ ತೀರಿತೆಂದು ಒಂದು ಪಕ್ಷ ವಾದಿಸುತ್ತದೆ. ಅಂಕಿತದಲ್ಲೇನಿದೆ, ಶೀರ್ಷಿಕೆ ಗೀತೆಯನ್ನು ತೆರೆಯುವ ಆ ಆರ್ಗನ್ನನ್ನು ಕೇಳಿ, ಹ್ಯಾಮಂಡ್ ಆರ್ಗನ್ನನ್ನು ಗಿಟಾರಿನ ಮಾರ್ಷಲ್ ಆಂಪ್ಲಿಫೈಯರಿಗೆ ಹಾಯಿಸಿ ಗುಡುಗಿಸುವವರು ಲಾರ್ಡ್ ಬಿಟ್ಟರೆ ಇನ್ನಾರು ಎಂದು ಇನ್ನೊಂದು ಪಕ್ಷ. ಮೂರನೆಯ ಪಕ್ಷದವರು ಆಲ್ಬಮ್ ಕೇಳಿಯೇ ಇಲ್ಲ. ಆದರೂ ಅವರ ಅಭಿಪ್ರಾಯ ಎಲ್ಲರದಕ್ಕಿಂತ ದೃಢ.

ಮೂಲಪಾಠ

ಕೂಡಿದ ತಂಡವನ್ನು ಯಾವುದಕ್ಕೆ ಹೋಲಿಸಿ ನೋಡಬೇಕು? ಈ ವಿಷಯದಲ್ಲಿ ಮಾತ್ರ ಮೂರೂ ಪಕ್ಷಗಳು ಏಕಮತ: ‘ಮೇಡ್ ಇನ್ ಜಪಾನ್’. ಇದು ೧೯೭೨ರ ಆಗಸ್ಟ್ ೧೫ ಮತ್ತು ೧೬ರಂದು ಒಸಾಕಾದಲ್ಲಿ, ೧೭ರಂದು ಟೋಕಿಯೋದ ಬುಡೋಕಾನ್‌ನಲ್ಲಿ ಮಾರ್ಟಿನ್ ಬರ್ಚ್ ಧ್ವನಿಮುದ್ರಿಸಿದ ಲೈವ್ ಆಲ್ಬಮ್. (ಮೊದಲ ದಿನ ನಾವು ಇಲ್ಲಿ ಸ್ವಾತಂತ್ರ್ಯದ ಬೆಳ್ಳಿಹಬ್ಬದ ಸಡಗರದಲ್ಲಿದ್ದೆವು, ಎರಡೂ ಕಡೆ ಧ್ವನಿವರ್ಧಕಗಳದೇ ಮೇಲುಗೈ.) ತಂಡಕ್ಕೆ ಈ ಮುದ್ರಿಕೆಯಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ಜಪಾನಿನ ಮಾರುಕಟ್ಟೆಗಷ್ಟೇ ಸಾಕೆಂದು ಒಪ್ಪಿದ್ದರು. ಮಿಕ್ಸಿಂಗ್‌ಗೆ ಬಂದವರು ಗ್ಲೋವರ್ ಮತ್ತು ಪೇಸ್ ಇಬ್ಬರೇ. ಕವಿಗಳು ಇಷ್ಟು ಅಸಡ್ಡೆ ಮಾಡಿದ ಕೃತಿಯೊಂದು ಪ್ರಮಾಣಗ್ರಂಥವಾದ ಉದಾಹರಣೆ ಸಾಹಿತ್ಯಚರಿತ್ರೆಯಲ್ಲಿ ವಿರಳ.

ಏಳು ಹಾಡುಗಳ ಈ ಆಲ್ಬಮ್ ಒಂದೇ ರಾತ್ರಿಯದಲ್ಲ, ಮೂರು ಪ್ರತಿಗಳಿಂದ ಆಯ್ದು ಕಟ್ಟಿದ ಸಂಕೀರ್ಣ ಪಾಠ. ನಾಲ್ಕು ಹಾಡು ಒಸಾಕಾದ ಎರಡನೆಯ ರಾತ್ರಿಯವು. ‘ದ ಮ್ಯೂಲ್’ ಮತ್ತು ‘ಲೇಜಿ’ ಟೋಕಿಯೋದವು. ‘ಸ್ಮೋಕ್ ಆನ್ ದ ವಾಟರ್’ ಒಂದೇ ಮೊದಲ ರಾತ್ರಿಯದು. ೧೯೯೩ರಲ್ಲಿ ಮೂರು ರಾತ್ರಿಗಳ ಬಹುಭಾಗ ಮೂರು ಸಿ.ಡಿ.ಗಳಲ್ಲಿ ಹೊರಬಂದಾಗ ಅಭಿಮಾನಿಗಳು ಸಂತೋಷಪಡಬೇಕಿತ್ತು. ಪಟ್ಟರು ಕೂಡ, ಮೊದಲ ಸಲ ಕೇಳುವಷ್ಟು ಹೊತ್ತು. ಆಮೇಲೆ ಆಯ್ಕೆಯೇ ತಪ್ಪಾಯಿತೆಂದು, ಹದಿನೇಳರ ಇಂಥ ಸೋಲೋವನ್ನು ಹದಿನಾರರದರ ಬದಲಿಗೆ ಹಾಕಬೇಕಿತ್ತೆಂದು ಶುರುವಾದ ವಾಗ್ವಾದ ಇನ್ನೂ ನಡೆದಿದೆ. ಇವರಲ್ಲಿ ಪಳಗಿದವರು ಬರೀ ಸ್ನೇರ್ ಡ್ರಮ್ಮಿನ ಸದ್ದು ಕೇಳಿ ರಾತ್ರಿಯನ್ನು ಹೇಳಬಲ್ಲರು. ಬಳ್ಳಿಯ ತಿರುವು ನೋಡಿ ಶಾಸನದ ಶತಮಾನ ಹೇಳುವವರನ್ನು ಗೌರವಿಸುವ ನಾಡು ಇವರನ್ನೇಕೆ ಕಡೆಗಣಿಸಬೇಕು?

ಇದೇ ಮುದ್ರಿಕೆಯಲ್ಲಿ ಗಿಲನ್ ವೇದಿಕೆಯ ಮೇಲಿಂದ ಧ್ವನಿವ್ಯವಸ್ಥೆಯವರಿಗೆ ಸಲ್ಲಿಸಿದ ಒಂದು ಬೇಡಿಕೆ ದಾಖಲಾಗಿದೆ: ಪ್ರತಿಯೊಂದೂ ಮಿಕ್ಕ ಪ್ರತಿಯೊಂದಕ್ಕಿಂತ ಜೋರಾಗಿರಬೇಕಂತೆ. ನೈಯಾಯಿಕರು ಇದನ್ನು ಅಸಂಭವ ದೋಷವೆಂದು ತಳ್ಳಿಹಾಕಬಹುದು. ೧೯೭೨ರಲ್ಲೇ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಈ ತಂಡದ ಸದ್ದು ೧೧೭ ಡೆಸಿಬೆಲ್ ಮುಟ್ಟಿ, ಗಿನ್ನೆಸ್ ಪುಸ್ತಕ ಸೇರಿತೆಂಬುದನ್ನು ಅವರ ಗಮನಕ್ಕೆ ತರಬಯಸುತ್ತೇನೆ. ಸಭಿಕರಲ್ಲಿ ಮೂವರು ಪ್ರಜ್ಞೆ ತಪ್ಪಿದರು. ಬೇಡಿಕೆ ತರ್ಕದಲ್ಲಿ ಸೋತರೂ ಪ್ರಯೋಗದಲ್ಲಿ ಗೆದ್ದಿತ್ತು.

ಲಿಪಿಕಾರರು

ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿ ಮಾಡಿಸಿ ಹಂಚಿದಳು. ರಾಕ್ ಲೋಕದಲ್ಲಿ ಈ ಪುಣ್ಯಕಾರ್ಯಕ್ಕೆ ಬೂಟ್‌ಲೆಗ್ ಎಂಬ ಕೆಟ್ಟ ಹೆಸರಿದೆ. ಕೋಟಿನೊಳಗೆ ರೆಕಾರ್ಡರ್ ಬಚ್ಚಿಟ್ಟುಕೊಂಡು ಹೋಗಿ, ಪಕ್ಕದವನ ಕೆಮ್ಮನ್ನೂ ಸೇರಿಸಿ ಕಾವ್ಯವನ್ನು ಉಳಿಸಿಕೊಟ್ಟವರ ಋಣ ದೊಡ್ಡದು. ಸೌಂಡ್‌ಬೋರ್ಡಿನಿಂದ ನೇರವಾಗಿ ಬಂದ ಪ್ರತಿಗೆ ಮಾನ ಹೆಚ್ಚು. ಆದರೆ ಆಡಿಯನ್ಸ್ ರೆಕಾರ್ಡಿಂಗಿನಲ್ಲಿ ಭಾವವಿದೆ ಎನ್ನುವ ಭಾವುಕರೂ ಇದ್ದಾರೆ. ಅವರ ಭಾವದ ಬಹುಪಾಲು ಆ ಕೆಮ್ಮೇ.

ಕರ್ನಾಟಕದ ಪಾಠಪರಂಪರೆ ಬೇರೆಯದು. ಎಂಬತ್ತರ ದಶಕದ ಬೆಂಗಳೂರಿನಲ್ಲಿ ಎಲ್.ಪಿ.ಯಿಂದ ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವ ಅಂಗಡಿಗಳಿದ್ದವು. ‘ಮೇಡ್ ಇನ್ ಜಪಾನ್’ ಒಂದೂಕಾಲು ಗಂಟೆಯದು. ಜೇಬಿಗೆ ಎಟುಕುತ್ತಿದ್ದದ್ದು ಅರವತ್ತು ನಿಮಿಷದ ಕ್ಯಾಸೆಟ್ಟು. ಪರಿಣಾಮವಾಗಿ ಕೊನೆಯ, ಹತ್ತಿರ ಹತ್ತಿರ ಇಪ್ಪತ್ತು ನಿಮಿಷದ ‘ಸ್ಪೇಸ್ ಟ್ರಕಿನ್’ ನಮ್ಮ ಬಹಳಷ್ಟು ಪ್ರತಿಗಳಲ್ಲಿ ತ್ರುಟಿತ. ಕೆಲವು ಪ್ರತಿಗಳಲ್ಲಿ ಅದು ಇಲ್ಲವೇ ಇಲ್ಲ; ಇನ್ನು ಕೆಲವಲ್ಲಿ ಶುರುವಾಗಿ, ಜಾನ್ ಲಾರ್ಡ್ ಆರ್ಗನ್ನನ್ನು ಹಿಂಸಿಸಲು ಅಣಿಯಾಗುತ್ತಿದ್ದಂತೆ ಟಕ್ಕೆಂದು ನಿಲ್ಲುತ್ತದೆ. ಈ ಪರಂಪರೆಯಲ್ಲಿ ಬೆಳೆದ ಅಭಿಮಾನಿ ಮುಂದೆ ಪೂರ್ತಿ ಪಾಠ ಕೈಗೆ ಸಿಕ್ಕಾಗ ಹಿಗ್ಗಲಿಲ್ಲ, ಹಾಡು ಸುಮ್ಮನೆ ಎಳೆದಿದೆ ಎಂದ. ತಂಡ ಬೆಂಗಳೂರಿಗೇ ಬಂದು ಅರಮನೆ ಮೈದಾನದಲ್ಲಿ ನುಡಿಸಿದಾಗ ಗಿಟಾರು ಸ್ಟೀವ್ ಮೋರ್ಸ್ ಅವರ ಕೈಯಲ್ಲಿತ್ತು. ಅದ್ಭುತ ವಾದಕ. ಆದರೆ ನಮ್ಮವರ ತಕರಾರು ಏನೆಂದು ಓದುಗರು ಊಹಿಸಬಲ್ಲರು: ಕ್ಯಾಸೆಟ್ಟಿನಲ್ಲಿ ಇದ್ದ ಹಾಗಿಲ್ಲ.

ಪ್ರಕ್ಷಿಪ್ತ

೧೯೮೦ರಲ್ಲಿ, ಅಸಲಿ ಪುನರ್ಮಿಲನಕ್ಕೆ ನಾಲ್ಕು ವರ್ಷ ಮುಂಚೆ, ಅಮೆರಿಕ ಮತ್ತು ಮೆಕ್ಸಿಕೋದಲ್ಲಿ ಡೀಪ್ ಪರ್ಪಲ್ ಹೆಸರಿನ ಒಂದು ತಂಡ ಕಛೇರಿ ನಡೆಸಿತು. ಅದರಲ್ಲಿ ಅಸಲಿ ತಂಡದವರೆಂದರೆ ರಾಡ್ ಇವಾನ್ಸ್ ಒಬ್ಬರೇ, ಒಮ್ಮಡಿಯ ಗಾಯಕ. ಮಿಕ್ಕವರಿಗೂ ಪರ್ಪಲ್ಲಿಗೂ ಸಂಬಂಧವಿರಲಿಲ್ಲ. ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆಯಲ್ಲಿ ಅಸಲಿ ತಂಡದ ಕಡೆಯವರು ಜಾಹೀರಾತು ಕೊಟ್ಟು, ಈ ಕಛೇರಿಯಲ್ಲಿ ಯಾರು ಯಾರು ಹಾಡುವುದಿಲ್ಲ, ನುಡಿಸುವುದಿಲ್ಲ ಎಂದು ಹೆಸರು ಹಿಡಿದು ತಿಳಿಸಿದರು. ಕಛೇರಿಯ ಪ್ರಕಟಣೆಗಳಲ್ಲಿ ಇದು ಅಪೂರ್ವ ಪ್ರಕಾರ. ಕೊನೆಗೆ ನ್ಯಾಯಾಲಯ ೬,೭೨,೦೦೦ ಡಾಲರ್ ದಂಡ ವಿಧಿಸಿತು. ಗ್ರಂಥಸಂಪಾದನೆಯ ಚರಿತ್ರೆಯಲ್ಲಿ ಪ್ರಕ್ಷಿಪ್ತ ಭಾಗವೊಂದಕ್ಕೆ ಇಷ್ಟು ಖಚಿತ ಬೆಲೆ ಕಟ್ಟಿದ್ದು ಇದೊಂದೇ ಸಲವಿರಬೇಕು.

ಆದರೆ ತೀರ್ಪು ನಮ್ಮ ಪ್ರಶ್ನೆಯನ್ನು ಇನ್ನಷ್ಟು ಕಗ್ಗಂಟು ಮಾಡಿತು. ಸ್ಥಾಪಕ ಸದಸ್ಯನೊಬ್ಬ ಇದ್ದಮಾತ್ರಕ್ಕೆ ತಂಡವಾಗದು ಎಂಬುದು ಇಲ್ಲಿ ಸಿದ್ಧವಾಯಿತು. ಮುಂದೆ ೨೦೦೨ರಲ್ಲಿ ಲಾರ್ಡ್ ನಿವೃತ್ತರಾದರು. ಅಂದಿನಿಂದ ತಂಡದಲ್ಲಿ ೧೯೬೮ರವರು ಡ್ರಮ್ಸಿನ ಪೇಸ್ ಒಬ್ಬರೇ. ಅದು ಡೀಪ್ ಪರ್ಪಲ್ ಅಲ್ಲವೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಇವಾನ್ಸ್ ಒಬ್ಬರಿದ್ದರೆ ಸಾಲದು, ಪೇಸ್ ಒಬ್ಬರಿದ್ದರೆ ಸಾಕು. ಇದರಿಂದ ಹೊರಡುವ ಸೂತ್ರ: ಗಾಯಕನ ಕಂಠ ಆಗಂತುಕ, ಡ್ರಮ್ಮಿನ ಪೆಟ್ಟು ನಿತ್ಯ. ಡ್ರಮ್ಮರುಗಳಿಗೆ ತತ್ತ್ವಶಾಸ್ತ್ರದಲ್ಲಿ ಈವರೆಗೆ ಸಿಕ್ಕ ಏಕೈಕ ಸ್ಥಾನ ಇದು.

ಸಜೀವ ಕವಿಯ ಸಮಸ್ಯೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ಸಂಪಾದಕರ ಕೆಲಸ ಸುಸೂತ್ರವಾಗಿ ನಡೆದದ್ದಕ್ಕೆ ಒಂದೇ ಕಾರಣ: ಕವಿಗಳು ತೀರಿಕೊಂಡಿದ್ದರು. ರನ್ನ ಗದಾಯುದ್ಧ ಬರೆದು ಹೋದ ಮೇಲೆ ಮುಧೋಳದಿಂದ ಎದ್ದು ಬಂದು, ಪ್ರತಿದಿನ ಸಂಜೆ ಒಂದೊಂದು ಊರಿನಲ್ಲಿ ಅದನ್ನೇ ಸ್ವಲ್ಪ ಸ್ವಲ್ಪ ಬೇರೆಯಾಗಿ ಓದಿದ್ದರೆ ನಮ್ಮ ಪಂಡಿತರು ಏನು ಮಾಡುತ್ತಿದ್ದರು? ಸಭೆಯ ಹಿಂದಿನ ಸಾಲಿನಿಂದ ಎದ್ದು, ಸ್ವಾಮಿ, ತಾಳೆಗರಿಯಲ್ಲಿ ಹಾಗಿಲ್ಲ ಎನ್ನುತ್ತಿದ್ದರು. ಕೂಡಿದ ತಂಡದ ಅಭಿಮಾನಿಗಳು ನಿತ್ಯ ಎದುರಿಸುವ ಸಂಕಟ ಇದೇ.

‘ಚೈಲ್ಡ್ ಇನ್ ಟೈಮ್’ ನೋಡಿ. ೧೯೭೦ರ ಈ ಹಾಡಿನ ನಡುವೆ ಗಿಲನ್ ಹಂತಹಂತವಾಗಿ ಏರಿಸಿಕೊಂಡು ಹೋಗುವ ಕೂಗು ಒಸಾಕಾದಲ್ಲಿ ದಾಖಲಾದಾಗ, ಅವರಿಗೆ ಇಪ್ಪತ್ತೇಳು ತುಂಬಲು ಇನ್ನು ಮೂರು ದಿನವಿತ್ತು. ಕೂಡಿದ ಮೇಲೂ ಹಾಡಿದರು; ಕೊನೆಗೆ ವಯಸ್ಸಿಗೆ ತಲೆಬಾಗಿ ಕೈಬಿಟ್ಟರು. ಅಭಿಮಾನಿಗಳ ನಿಲುವು ಎರಡು. ಹಾಡಿದರೆ, ಸ್ವರ ಇಳಿದಿದೆ, ಮೂಲಕ್ಕೆ ದ್ರೋಹ. ಹಾಡದಿದ್ದರೆ, ಟಿಕೆಟ್ಟಿನ ದುಡ್ಡಿಗೆ ದ್ರೋಹ. ಈ ಎರಡರ ನಡುವೆ ಕವಿಗೆ ಉಳಿದ ದಾರಿ ಒಂದೇ, ಅದನ್ನು ರನ್ನ ಹಿಡಿದು ಸಾವಿರ ವರ್ಷವಾಯಿತು.

ಬ್ಲ್ಯಾಕ್‌ಮೋರ್ ಅವರದು ವಿರುದ್ಧ ಮಾದರಿ. ಅವರು ಯಾವ ಸೋಲೋವನ್ನೂ ಎರಡು ಸಲ ಒಂದೇ ಥರ ನುಡಿಸುವವರಲ್ಲ. ‘ಸ್ಮೋಕ್ ಆನ್ ದ ವಾಟರ್’ನ ಆ ನಾಲ್ಕು ಸ್ವರದ ರಿಫ್ ಜಗತ್ತಿನ ಗಿಟಾರ್ ಅಂಗಡಿಗಳಲ್ಲೆಲ್ಲ ಕಲಿಯುವವರು ತಪ್ಪಾಗಿ ನುಡಿಸುವ ಮೊದಲ ಪಾಠ, ಪ್ಲೆಕ್ಟ್ರಮ್ ಬಿಟ್ಟು ಬೆರಳಿನಿಂದ ಎರಡು ತಂತಿ ಒಟ್ಟಿಗೆ ಮೀಟಬೇಕು ಎಂದು ತಿದ್ದಲು ಹಿಂದೆ ಒಬ್ಬ ಅಭಿಮಾನಿ ಸದಾ ನಿಂತಿರುತ್ತಾನೆ. ೧೯೯೩ರ ನವೆಂಬರ್ ೯ರಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಈ ರಿಫ್ಫಿನ ಜನಕರು ‘ಹೈವೇ ಸ್ಟಾರ್’ ಶುರುವಾದರೂ ವೇದಿಕೆಗೆ ಬರಲಿಲ್ಲ. ಸೋಲೋ ಹೊತ್ತಿಗೆ ಬಂದರು, ಕ್ಯಾಮೆರಾದವನ ಕಡೆ ನೀರೆರಚಿದರು. ಕಛೇರಿ ಚಿತ್ರೀಕರಣವಾಗುತ್ತಿತ್ತು. ಆದಿ ತ್ರುಟಿತ, ಮಧ್ಯೆ ಜಲಾಭಿಷೇಕ. ಅದೇ ತಿಂಗಳು ಹೆಲ್ಸಿಂಕಿಯಲ್ಲಿ ನುಡಿಸಿದ್ದೇ ಕೊನೆ, ಮತ್ತೆ ಅವರು ಈ ತಂಡದಲ್ಲಿ ಕಾಣಲಿಲ್ಲ. ಇಂದು ಅಭಿಮಾನಿಗಳಿಗೆ ಈ ದೃಶ್ಯ ಬಲು ಪ್ರಿಯ. ಮೂಲಪಾಠದೊಂದಿಗೆ ಹೋಲಿಸಿ ತಪ್ಪು ಹುಡುಕಲು ಅದರಲ್ಲಿ ಗಿಟಾರೇ ಇಲ್ಲವಲ್ಲ.

ನೆಬ್‌ವರ್ತ್‌ನ ೧೯೮೫ರ ಜೂನ್ ೨೨ರ ಕಛೇರಿಯನ್ನು ಬೇಗ ಮುಗಿಸುತ್ತೇನೆ. ಇಂಗ್ಲೆಂಡಿನ ನೆಲದಲ್ಲಿ ಕೂಡಿದ ತಂಡದ ಆ ಮಹಾಸಭೆಗೆ ಮಳೆ ಹೊಯ್ದು ಮೈದಾನ ಕೆಸರಾಯಿತು. ಹೋದವರು ಅದು ಜೀವಮಾನದ ಸಂಜೆ ಎನ್ನುತ್ತಾರೆ. ಮನೆಯಲ್ಲಿ ರೇಡಿಯೋದಿಂದ ಟೇಪ್ ಮಾಡಿಕೊಂಡವರು ಅಷ್ಟೇನಿಲ್ಲ ಎನ್ನುತ್ತಾರೆ. ಪ್ರತ್ಯಕ್ಷಪ್ರಮಾಣಕ್ಕೂ ಶಬ್ದಪ್ರಮಾಣಕ್ಕೂ ವಿರೋಧ ಬಂದರೆ ಶಬ್ದವೇ ಮೇಲೆಂದು ಇಲ್ಲಿನ ಪಂಥಗಳೆಲ್ಲ ಒಪ್ಪಿವೆ. ಪಾಪ, ಕೆಸರು ಟೇಪಿನಲ್ಲಿ ಬರುವುದಿಲ್ಲ.

ನಷ್ಟಗ್ರಂಥದ ಪುನಾರಚನೆ

ಕೊನೆಯದಾಗಿ, ನನ್ನ ವಾದಕ್ಕೆ ನಿರ್ಣಾಯಕವಾದ ಒಂದು ಪ್ರಸಂಗ. ೧೯೬೯ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಇಮ್ಮಡಿ ಪರ್ಪಲ್ ಮತ್ತು ಪೂರ್ಣ ಪ್ರಮಾಣದ ಆರ್ಕೆಸ್ಟ್ರಾ ಒಟ್ಟಿಗೆ, ಮಾಲ್ಕಮ್ ಆರ್ನಲ್ಡ್ ಅವರ ನಿರ್ದೇಶನದಲ್ಲಿ, ಜಾನ್ ಲಾರ್ಡ್ ಬರೆದ ‘ಕನ್ಸರ್ಟೋ’ವನ್ನು ನುಡಿಸಿದವು. ಮರುವರ್ಷ ಅದರ ಸ್ವರಲಿಪಿಯ ಹಸ್ತಪ್ರತಿ ಕಳೆದುಹೋಯಿತು. ಉಳಿದದ್ದು ಮುದ್ರಿಕೆ ಮತ್ತು ಚಿತ್ರೀಕರಣ ಮಾತ್ರ. ನೆದರ್ಲೆಂಡ್ಸಿನ ಮಾರ್ಕೋ ಡಿ ಗೂಯಿ ಎಂಬ ಸಂಗೀತಕಾರರು ಅದನ್ನೇ ಮತ್ತೆ ಮತ್ತೆ ಕೇಳಿ, ನೋಡಿ, ಯಾವ ವಾದ್ಯ ಯಾವ ಸ್ವರ ನುಡಿಸಿತೆಂದು ಕಿವಿಯಿಂದಲೇ ಎತ್ತಿ ಸ್ವರಲಿಪಿಯನ್ನು ಪುನಃ ಕಟ್ಟಿದರು. ಇಂಥ ಸಂಪಾದಕ ಸಿಕ್ಕರೆ ನಮ್ಮಲ್ಲಿ ಪೀಠ ಕೊಡುತ್ತಿದ್ದೆವು. ೧೯೯೯ರಲ್ಲಿ ಅದೇ ಸಭಾಂಗಣದಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಜೊತೆ ತಂಡ ಅದನ್ನು ಮತ್ತೆ ನುಡಿಸಿತು.

ಕರ್ತೃ ಬದುಕಿದ್ದರು, ಜೊತೆಗೆ ಕೂತಿದ್ದರು. ಸ್ವರಲಿಪಿ ಸಿದ್ಧವಾಗುತ್ತಿದ್ದಾಗ ಲಾರ್ಡ್ ತಾವೇ ಅಲ್ಲಲ್ಲಿ ಒಂದಿಷ್ಟು ತಿದ್ದಿದರು. ಆ ತಿದ್ದುಪಡಿಗಳನ್ನೆಲ್ಲ ೧೯೬೯ರ ಮುದ್ರಿಕೆಯೊಂದಿಗೆ ಕೂಲಂಕಷವಾಗಿ ಹೋಲಿಸಿ, ಪ್ರಕ್ಷಿಪ್ತಗಳ ಪಟ್ಟಿಯಲ್ಲಿ ಸೇರಿಸಿದ್ದೇನೆ.