ಹಲಗೆ ಮೀಮಾಂಸೆ

ಹಲಗೆಯ ಮೇಲೆ ಪುಸ್ತಕ ಓದುವವರಲ್ಲಿ ಎರಡು ಮತಗಳುಂಟು. ಓದೇ ಬೇರೆ, ಲೋಕವ್ಯಾಪಾರವೇ ಬೇರೆ ಎನ್ನುವವರು ದ್ವೈತಿಗಳು. ಇವರ ಆರಾಧ್ಯದೈವ ಅಮೆಜಾನಿನ ಕಿಂಡಲ್. ಪ್ರಾದುರ್ಭಾವ 2007ರ ನವೆಂಬರ್, ಕಾಣಿಕೆ 399 ಡಾಲರ್. ಪುಸ್ತಕ, ಸಿನಿಮಾ, ಇಸ್ಪೀಟು, ಬ್ಯಾಂಕು ಎಲ್ಲವೂ ಒಂದೇ ಗಾಜಿನ ನಾನಾ ರೂಪ ಎನ್ನುವವರು ಅದ್ವೈತಿಗಳು. ಇವರ ಐಪ್ಯಾಡ್ ಅವತರಿಸಿದ್ದು 2010ರಲ್ಲಿ. ಜಂಗಮವಾಣಿಯಲ್ಲೇ ಕಾದಂಬರಿ ಮುಗಿಸುವ ವಿಶಿಷ್ಟಾದ್ವೈತಿಗಳನ್ನು ಪಂಡಿತರು ಸಭೆಗೆ ಕರೆದಿಲ್ಲ.

ದ್ವೈತಿಗಳ ಬಲವೆಲ್ಲ ಇ-ಇಂಕ್. ಪರದೆಯೊಳಗೆ ಕೂದಲೆಳೆಯ ದಪ್ಪದ ಲಕ್ಷಾಂತರ ಗುಳಿಗೆಗಳು. ಒಂದೊಂದರಲ್ಲೂ ಕರಿ ಕಣ, ಬಿಳಿ ಕಣ. ವಿದ್ಯುತ್ ತಾಗಿದರೆ ಒಂದು ತೇಲಿ ಇನ್ನೊಂದು ಮುಳುಗಿ ಅಕ್ಷರ ಮೂಡುತ್ತದೆ. ಮೂಡಿದ ಅಕ್ಷರ ನಿಲ್ಲಲು ವಿದ್ಯುತ್ ಬೇಡ, ಪುಟ ತಿರುವಲು ಮಾತ್ರ ಬೇಕು. ಹಾಗಾಗಿಯೇ ಚಾರ್ಜಿಲ್ಲದೆ ವಾರಗಟ್ಟಲೆ ಉಪವಾಸ. ಪುಟ ತಿರುವಿದಾಗ ಪರದೆ ಆಗಾಗ ಕಪ್ಪಗೆ ಮಿಟುಕುವುದು ದೋಷವಲ್ಲ, ಓದಿದ್ದನ್ನು ಮನನ ಮಾಡಲು ಕೊಟ್ಟ ಬಿಡುವು ಎಂದು ಭಕ್ತರ ವ್ಯಾಖ್ಯಾನ.

ಅದ್ವೈತಿಗಳ ಮೊದಲ ಆಕ್ಷೇಪ ಪಿಡಿಎಫ್. ಎ4 ಹಾಳೆಯನ್ನು ಆರಿಂಚಿನ ಪರದೆಗೆ ತುರುಕಿದರೆ ಅಕ್ಷರ ಸಾಸಿವೆಯಾಗುತ್ತದೆ. ಎರಡನೆಯದು ಇನ್ನೂ ತೀಕ್ಷ್ಣ. ದ್ವೈತದಲ್ಲಿ ಜೀವ ಸ್ವತಂತ್ರನಲ್ಲವಷ್ಟೆ. ಓದುಗನೂ ಅಲ್ಲ ಎಂಬುದಕ್ಕೆ 2009ರ ಜುಲೈಯೇ ಪ್ರಮಾಣ. ಹಕ್ಕಿಲ್ಲದವರು ಮಾರಾಟಕ್ಕಿಟ್ಟ ಪ್ರತಿಗಳೆಂದು ತಿಳಿದ ಅಮೆಜಾನ್, ಗ್ರಾಹಕರು ದುಡ್ಡು ಕೊಟ್ಟು ಕೊಂಡಿದ್ದ ಎರಡು ಪುಸ್ತಕಗಳನ್ನು ಅವರವರ ಕಿಂಡಲ್‌ನಿಂದಲೇ ಅಳಿಸಿಹಾಕಿತು. ಹಣ ವಾಪಸ್ ಬಂತು. ಕಂಪನಿಯ ಆಗಿನ ಮುಖ್ಯಸ್ಥ ಜೆಫ್ ಬೆಜೋಸ್ ಕ್ಷಮೆಯನ್ನೂ ಕೇಳಿದರು. ಪುಸ್ತಕಗಳು ಯಾವುವೆಂದರೆ ಜಾರ್ಜ್ ಆರ್ವೆಲ್‌ನ ‘ಅನಿಮಲ್ ಫಾರ್ಮ್’ ಮತ್ತು ‘1984’.

ಅಣಕು ಬರೆಯುವವರಿಗೆ ಇಲ್ಲಿ ಕೆಲಸವೇ ಉಳಿದಿಲ್ಲ.

ದ್ವೈತಿಗಳು ಸೋಲೊಪ್ಪಲಿಲ್ಲ, ನಿದ್ರಾಶಾಸ್ತ್ರಕ್ಕೆ ಮೊರೆಹೋದರು. ಬಾಸ್ಟನ್ನಿನ ಬ್ರಿಗಂ ಆಸ್ಪತ್ರೆಯ ಸಂಶೋಧಕರು ಹನ್ನೆರಡು ಜನರಿಗೆ ಮಲಗುವ ಮುನ್ನ ನಾಲ್ಕು ಗಂಟೆ ಐಪ್ಯಾಡ್ ಓದಿಸಿದರು. ನಿದ್ದೆ ಸುಮಾರು ಹತ್ತು ನಿಮಿಷ ತಡವಾಯಿತು. ಆದರೆ ಹೋಲಿಸಿದ್ದು ಅಚ್ಚಿನ ಪುಸ್ತಕದೊಡನೆ, ಕಿಂಡಲ್ ಜೊತೆಗಲ್ಲ. ಮೇಲಾಗಿ 2012ರ ಪೇಪರ್‌ವೈಟ್ ಮಾದರಿಯಿಂದೀಚೆಗೆ ಕಿಂಡಲ್ಲೂ ದೀಪ ಹಚ್ಚಿಕೊಂಡಿದೆ.

ಇನ್ನು ಕನ್ನಡಿಗರ ಪಾಡು. 2016ರ ಕೊನೆಗೆ ಅಮೆಜಾನ್ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ಕಿಂಡಲ್‌ಗೆ ತಂದಿತು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಕನ್ನಡದ ಇ-ಪುಸ್ತಕಗಳು ಮೈಲ್ಯಾಂಗ್‌ನಂಥ ಆ್ಯಪ್‌ಗಳ ದಾರಿ ಹಿಡಿದವು. ಆ್ಯಪ್ ಇಳಿಸಿಕೊಳ್ಳಲು ಮೊಬೈಲೋ ಟ್ಯಾಬೋ ಬೇಕು. ಆದ್ದರಿಂದ ಕನ್ನಡ ಓದುಗರು ಸಿದ್ಧಾಂತದಲ್ಲಿ ಎಷ್ಟೇ ಕಟ್ಟಾ ದ್ವೈತಿಗಳಾಗಿರಲಿ, ಅಂಗಡಿಯಲ್ಲಿ ಟ್ಯಾಬನ್ನೇ ಕೊಳ್ಳಲಿ; ಮನೆಗೆ ತಂದ ಕೂಡಲೆ ನೋಟಿಫಿಕೇಶನ್ ಬಂದ್ ಮಾಡಲಿ.