ಬೆರಕೆಯ ಭಾವ

ಹಳೆಯದನ್ನು ಬಿಸಾಡಲೊಲ್ಲದೆ, ಹೊಸದನ್ನು ಕೊಳ್ಳಲೂ ಒಲ್ಲದೆ, ಇದ್ದುದನ್ನೆಲ್ಲ ಒಂದೇ ನೊಗಕ್ಕೆ ಕಟ್ಟಿದರೆ ಗಾಡಿ ಹೇಗಾದರೂ ನಡೆದೀತೆಂಬ ಅಚಲ ಶ್ರದ್ಧೆಯಿಂದ ಬಾಳುವ ಮಹಾಶಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಆದರೆ ಮಡಿಕೇರಿಯ ಸುತ್ತಮುತ್ತ ಅವರ ಸಂಖ್ಯೆ ತುಸು ಹೆಚ್ಚೆಂದು ನನ್ನ ಎಣಿಕೆ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಹಿಡಿದು ಮನೆಯೊಳಗೇ ಕೂರಬೇಕಾದ ಸೀಮೆಯಲ್ಲಿ ಮನುಷ್ಯನ ಕೈಗೆ ಒಂದು ಸ್ಕ್ರೂಡ್ರೈವರ್ ಸಿಕ್ಕಿದರೆ ಇನ್ನೇನಾದೀತು? ಇದನ್ನು ನಾನು ನಿರ್ಲಿಪ್ತನಾಗಿ ಬರೆಯುತ್ತಿದ್ದೇನೆಂದು ವಾಚಕರು ಭ್ರಮಿಸಬಾರದು. ನನ್ನ ಅಕ್ಕನ ಗಂಡ ಈ ವರ್ಗದ ಶಿರೋಮಣಿ.

ಭಾವನ ಜೀಪಿಗೆ ನಾಲ್ಕು ಚಕ್ರ, ನಾಲ್ಕು ಬಗೆಯ ಟೈರು. ಅವರ ಕೊಡೆಯ ಹಿಡಿ ಒಂದು ಕೊಡೆಯದು, ಕಡ್ಡಿ ಇನ್ನೊಂದರದು, ಬಟ್ಟೆ ಎಂದೋ ತೀರಿಹೋದ ದೊಡ್ಡಪ್ಪನ ಕೊಡೆಯದು. ಇನ್ವರ್ಟರಿನ ಹೊಸ ಬ್ಯಾಟರಿಗೆ ಹಳೆಯದನ್ನು ಜೊತೆಮಾಡಿ, ಹಳೆಯದು ಹೊಸದನ್ನೂ ಆರೇ ತಿಂಗಳಲ್ಲಿ ತನ್ನೊಡನೆ ಕರೆದೊಯ್ದ ವೃತ್ತಾಂತವನ್ನು ಅವರೆದುರು ಎತ್ತಬಾರದು. ಕಾಫಿಯೊಂದು ಮಾತ್ರ ಇದಕ್ಕೆ ಅಪವಾದ. ಅರೇಬಿಕಾಕ್ಕೆ ರೊಬಸ್ಟಾ, ಅದರ ಮೇಲೆ ಚಿಟಿಕೆ ಚಿಕೋರಿ. ಅಳತೆ ಅವರ ಅಂಗೈಗಷ್ಟೇ ಗೊತ್ತು, ಆ ಲೋಟವನ್ನು ಬರಿದುಮಾಡಿದವನು ಅವರ ಉಳಿದ ಅಪರಾಧಗಳನ್ನೆಲ್ಲ ಮನ್ನಿಸಿಬಿಡುತ್ತಾನೆ. ಅನರ್ಥಕ್ಕೆ ಮೂಲವೂ ಅದೇ. ಕಾಫಿಯಲ್ಲಿ ಫಲಿಸಿದ ಸೂತ್ರ ಕಂಪ್ಯೂಟರಿನಲ್ಲಿ ಏಕೆ ಫಲಿಸಬಾರದೆಂಬುದು ಅವರ ಸಿದ್ಧಾಂತ.

ತೋಟದ ಲೆಕ್ಕ ಬರೆಯುವ ನನ್ನ ಕಂಪ್ಯೂಟರಿನಲ್ಲಿ 4 ಜಿಬಿಯ ಒಂದೇ ರ್‍ಯಾಮ್ ಇತ್ತು. ಅದು ತೆವಳುತ್ತಿದೆಯೆಂದು ಬಾಯಿಬಿಟ್ಟದ್ದು ನನ್ನದೇ ತಪ್ಪು. ಕಕ್ಕಡ 18ರಂದು, ಎಂದರೆ ಆಗಸ್ಟ್ 3ರಂದು, ಕೊಡಗಿನ ಮನೆಗಳಲ್ಲಿ ಮದ್ದುಸೊಪ್ಪಿನ ನೇರಳೆ ರಸದ ಪಾಯಸ ಬೇಯುವ ದಿನ, ಆ ಪಾಯಸದ ನೆಪದಿಂದಲೇ ಬಂದ ಭಾವ ಕೋಟಿನ ಒಳಜೇಬಿನಿಂದ ಔಷಧದ ಚೀಟಿಯಲ್ಲಿ ಸುತ್ತಿದ ಪೊಟ್ಟಣವೊಂದನ್ನು ತೆಗೆದರು. ಒಳಗಿದ್ದುದು 2 ಜಿಬಿಯ ಹಳೆಯ ರ್‍ಯಾಮ್, ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಯಾವನೋ ನೆಂಟರ ಹುಡುಗನ ಕೈಯಲ್ಲಿ ತರಿಸಿದ್ದಂತೆ.

“ನಾಲ್ಕಕ್ಕೆ ನಾಲ್ಕೇ ಜೋಡಿಯಾಗಬೇಕಂತೆ, ಭಾವ,” ಎಂದೆ.

“ಯಾರಂದದ್ದು? ನನಗೂ ನಿನ್ನ ಅಕ್ಕನಿಗೂ ಹನ್ನೊಂದು ವರ್ಷ ಅಂತರ. ನಲವತ್ತು ವರ್ಷ ಸಂಸಾರ ನಡೆಯಲಿಲ್ವಾ?” ಎಂದವರೇ, ಪಾಯಸದ ತಟ್ಟೆಯತ್ತ ಕೈದೋರಿ, “ಈ ಸೊಪ್ಪಿನಲ್ಲಿ ಇವತ್ತು ಹದಿನೆಂಟು ಮದ್ದು ಬೆರೆತಿರ್ತದೆ ಅಂತಾರೆ. ಹದಿನೆಂಟು ಬೆರೆತರೆ ಪಥ್ಯ, ಎರಡು ಬೆರೆತರೆ ಕುಪಥ್ಯವಾ?” ಎಂದರು. ನಾನು ಸ್ಕ್ರೂಡ್ರೈವರ್ ತಂದುಕೊಟ್ಟೆ.

ನ್ಯಾಯವಾಗಿ ಹೇಳಬೇಕಾದರೆ ಅವರ ವಾದ ಪೂರ್ತಿ ಪೊಳ್ಳಲ್ಲ. ಡಿಡಿಆರ್3ಕ್ಕೆ ಡಿಡಿಆರ್3 ಎಂಬಂತೆ ಒಂದೇ ಪೀಳಿಗೆಯವಾದರೆ, ಗಾತ್ರ ಬೇರೆಯಾದರೂ ಅವು ಸಾಮಾನ್ಯವಾಗಿ ಕೂಡಿ ಬಾಳುತ್ತವೆ. ಇಂಟೆಲ್‌ನ ಅನೇಕ ಯಂತ್ರಗಳಲ್ಲಿ ನಾಲ್ಕರೊಳಗಿನ ಎರಡು ಜಿಬಿ ಹೊಸದಾಗಿ ಬಂದ ಎರಡರೊಡನೆ ಜೋಡೆತ್ತಿನಂತೆ ಎರಡು ಚಾನೆಲುಗಳಲ್ಲಿ ಓಡುತ್ತದೆ, ಮಿಕ್ಕ ಎರಡು ಒಂಟಿಯಾಗಿ ಸಾಗುತ್ತದೆ. ವೇಗದ ಮಾತು ಬೇರೆ. ನನ್ನದು 1600ರದು, ಭಾವನದು 1333ರದು. ಜೊತೆಗೂಡಿದ ಮೇಲೆ ಚುರುಕಿನದೂ ನಿಧಾನದ ಹೆಜ್ಜೆಗೆ ಹೆಜ್ಜೆ ಹಾಕಲೇಬೇಕು.

ಕ್ಯಾಬಿನೆಟ್ಟಿನ ಮುಚ್ಚಳ ತೆಗೆದಾಗ ಮೊದಲು ಕಂಡದ್ದು ಎರಡು ಹಲ್ಲಿಮೊಟ್ಟೆ. ಭಾವ ಅವನ್ನು ಭಕ್ತಿಯಿಂದ ಕಿಟಕಿಯ ಮೇಲಿಟ್ಟು, ನನ್ನ ಮೊಮ್ಮಗಳ ಪೆನ್ಸಿಲ್ ರಬ್ಬರನ್ನು ವಶಪಡಿಸಿಕೊಂಡು, ತೇವದಿಂದ ಮಬ್ಬಾಗಿದ್ದ ಆ ಚಿನ್ನದ ಬಣ್ಣದ ಹಲ್ಲುಗಳನ್ನು ದೇವರ ದೀಪ ಉಜ್ಜುವ ತಾಳ್ಮೆಯಿಂದ ಉಜ್ಜಿದರು. ಹಸಿರು ಹಲಗೆಯ ಮೇಲೆ ಅವರ ಹೆಬ್ಬೆರಳಿನ ನೇರಳೆ ಗುರುತು ಮೂಡಿತು. ಅದು ಇಂದಿಗೂ ಹೋಗಿಲ್ಲ. ಎರಡೂ ಕಡೆಯ ಕ್ಲಿಪ್ಪುಗಳು ಟಕ್ಕೆಂದವು. ಸ್ವಿಚ್ ಒತ್ತಿದರೆ ಪರದೆ ಕತ್ತಲೆ, ಒಳಗಿನಿಂದ ಬೀಪ್, ಬೀಪ್ ಎಂಬ ಆರ್ತನಾದ. ಕಿತ್ತರು, ಉಜ್ಜಿದರು, ಊದಿದರು, ಮತ್ತೆ ಒತ್ತಿದರು. ಮೂರನೆಯ ಸಲ ಪರದೆ ಬೆಳಗಿತು. “ಆರು!” ಎಂದು ಭಾವ ತೊಡೆ ತಟ್ಟಿದರು.

ಆರು ಎಂದು ಬರೆದಿದ್ದುದೇನೋ ನಿಜ. ಪಕ್ಕದಲ್ಲಿಯೇ ಕಂಸದೊಳಗೆ, ಉಪಯೋಗಕ್ಕೆ ಒದಗುವುದು ಮೂರೂಕಾಲು ಚಿಲ್ಲರೆ ಎಂದೂ ಬರೆದಿತ್ತು. ನನ್ನದು 32 ಬಿಟ್‌ನ ವಿಂಡೋಸ್ 7. ಆ ಪ್ರಾಣಿಗೆ 4 ಜಿಬಿಯಾಚೆಗಿನ ವಿಳಾಸ ಓದಲು ಬಾರದು, ಇರುವ ನಾಲ್ಕರಲ್ಲಿಯೂ ಒಂದು ಪಾಲನ್ನು ಗ್ರಾಫಿಕ್ಸ್ ಮೊದಲಾದ ಬಂಧುಬಳಗಕ್ಕೆ ಮೀಸಲಿಡಬೇಕು. ಎಂದರೆ ಭಾವ ಬರುವ ಮುನ್ನವೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಇದನ್ನು ನಾನು ವಿನಯದಿಂದ ನಿವೇದಿಸಿದೆ. ಭಾವ ಕ್ಷಣಕಾಲ ಪರದೆಯನ್ನು ದಿಟ್ಟಿಸಿದರು. “ಇರಲಿ ಮಾರಾಯ, ಮಿಕ್ಕಿದ್ದು ಬರುವ ಮಳೆಗಾಲಕ್ಕೆ ಆಗ್ತದೆ,” ಎಂದರು, ಸೂರಿನಡಿ ಒಟ್ಟಿದ ಸೌದೆಯ ವಿಷಯ ಹೇಳುವ ದನಿಯಲ್ಲಿ.

ನಾಚಿಕೆ ಬಿಟ್ಟು ಇನ್ನೊಂದು ಮಾತು ಒಪ್ಪಿಕೊಳ್ಳುತ್ತೇನೆ: ಆಮೇಲೆ ಒಂದು ವಾರ ನನಗೂ ಯಂತ್ರ ಚುರುಕಾದಂತೆಯೇ ತೋರಿತ್ತು, ನೆರೆಹೊರೆಯ ನಾಲ್ಕು ಜನಕ್ಕೆ ಹೇಳಿಕೊಂಡೂ ಬಂದಿದ್ದೆ.

ಅಕ್ಕನಿದ್ದಾಗ ಈ ವ್ಯಸನಕ್ಕೊಂದು ಮಿತಿಯಿತ್ತು. ಭಾವ ಮಧ್ಯಾಹ್ನ ಮಲಗಿದ ಹೊತ್ತು ನೋಡಿ ಅವಳು ಗುಜರಿಯವನನ್ನು ಹಿತ್ತಿಲ ಬಾಗಿಲಿಗೆ ಕರೆಯುತ್ತಿದ್ದಳು. ಎದ್ದವರು ಮಾಯವಾದ ವಸ್ತುವಿಗಾಗಿ ಅಟ್ಟ ಹತ್ತಿದರೆ, ಕೆಳಗಿನಿಂದ ಟಾರ್ಚ್ ಹಿಡಿದು ತಾನೂ ಹುಡುಕುತ್ತಿದ್ದಳು. ಈಗ ಮೂರು ವರ್ಷಗಳಿಂದ ಆ ಮನೆಯಿಂದ ಏನೊಂದೂ ಹೊರಗೆ ಹೋಗಿಲ್ಲ. ಕಪಾಟಿನ ಮೇಲೆ ಅವಳ ಕನ್ನಡಕವಿದೆ. ಹಿಂದೊಮ್ಮೆ ಅದರ ಕಡ್ಡಿ ಮುರಿದಾಗ ಭಾವ ತಮ್ಮ ಹಳೆಯ ಕನ್ನಡಕದ ಕಡ್ಡಿಯನ್ನು ತಂದು ಸೇರಿಸಿದ್ದರು. ಒಂದು ಕಡೆ ಕಪ್ಪು, ಇನ್ನೊಂದು ಕಡೆ ಹೊನ್ನಿನ ಬಣ್ಣ. ಪೇಟೆಯಲ್ಲಿ ಹೊಸದು ಸಿಗುತ್ತಿರಲಿಲ್ಲವೆಂದಲ್ಲ. ಅವಳು ಕಡೆಯವರೆಗೂ ಅದನ್ನೇ ಹಾಕಿಕೊಂಡಿದ್ದಳು.

ಕಳೆದ ಪುತ್ತರಿಯ ಮರುದಿನ ಭಾವ ಮತ್ತೊಂದು ಪೊಟ್ಟಣದೊಡನೆ ಬಂದರು. ಈ ಬಾರಿ ಡಿಡಿಆರ್2. ಅದಕ್ಕೂ ಹಲ್ಲು 240, ನನ್ನ ಡಿಡಿಆರ್3ಕ್ಕೂ 240; ಆದರೆ ನಡುವಿನ ಕಚ್ಚು ಬೇರೆ ಕಡೆ, ವಿದ್ಯುತ್ತಿನ ಹಸಿವೂ ಬೇರೆ, ಅದಕ್ಕೆ 1.8 ವೋಲ್ಟ್ ಬೇಕು, ಇದಕ್ಕೆ 1.5 ಸಾಕು ಎಂದು ನಾನು ವಿಸ್ತಾರವಾಗಿ ತಿಳಿಯಹೇಳಿದೆ. ಭಾವ ಹರಿಕಥೆ ಕೇಳುವವರಂತೆ ಕೊನೆಯವರೆಗೂ ತಲೆದೂಗಿದರು. ಬಳಿಕ ರ್‍ಯಾಮನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಆ ಕಚ್ಚನ್ನೇ ಬಹಳ ಹೊತ್ತು ನೋಡಿದರು.

“ನಿನ್ನಲ್ಲಿ ಸಣ್ಣ ಅರ ಒಂದು ಉಂಟಾ?”

ಇತ್ತು. ಅವರು ಕೈತೊಳೆಯಲು ಎದ್ದ ಸಮಯ ನೋಡಿ ಅದನ್ನು ಅಂಗಿಯ ಜೇಬಿಗಿಳಿಸಿ, ಟಾರ್ಚ್ ಹಿಡಿದು, ಅರ್ಧ ಗಂಟೆ ಅವರೊಡನೆ ಹುಡುಕಿದೆ.